ಬಾಗಿಲಿಗೆ ಹೇಳಿದ ಮಾತು

ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ನಡೆದರೆ ಅವರ ಬದುಕು ಅರ್ಥವಾಗುತ್ತದೆ ಎಂದು ನಮಗೆ ಕಲಿಸಲು ಕೊಂಡಾಪುರದ ಯಾವುದೋ ಆಫೀಸಿನಿಂದ ಒಬ್ಬ ತರಬೇತುದಾರಳು ಬಂದಿದ್ದಳು. ನಮ್ಮದು ಕೇಂದ್ರ ಸರ್ಕಾರದ ಕಾರ್ಖಾನೆ. ಸಭಾಂಗಣದಲ್ಲಿ ಮೂವತ್ತು ಜನ ಅಧಿಕಾರಿಗಳು, ಅರ್ಧಕ್ಕರ್ಧ ಜನಕ್ಕೆ ಮಂಡಿನೋವು. ಎಲ್ಲರೂ ಪಾದರಕ್ಷೆ ಬಿಚ್ಚಿ ನಡುವೆ ಗುಡ್ಡೆ ಹಾಕಬೇಕಂತೆ, ಕಣ್ಣು ಮುಚ್ಚಿ ಯಾರದಾದರೂ ಎತ್ತಿಕೊಳ್ಳಬೇಕಂತೆ, ಅದನ್ನು ಹಾಕಿಕೊಂಡು ಎರಡು ಸುತ್ತು ನಡೆಯುತ್ತ ಅದರ ಒಡೆಯರ ಸುಖದುಃಖ ನೆನೆಯಬೇಕಂತೆ. ನನಗೆ ಸಿಕ್ಕಿದ್ದು ಸ್ಟೋರ್ಸ್ ಅಧಿಕಾರಿಯ ಸ್ಯಾಂಡಲ್ಲು. ಮೊರದಷ್ಟು ಅಗಲ, ಒಳಗೆ ಜಿಗಿಜಿಗಿ ಬೆವರು. ಎರಡು ಸುತ್ತು ನಡೆದ ಮೇಲೆ ಆತನ ಬದುಕಿನ ಬಗ್ಗೆ ನನಗೆ ಅರ್ಥವಾದದ್ದು ಒಂದೇ: ಆ ಮನುಷ್ಯ ಕಾಲು ತೊಳೆಯುವುದಿಲ್ಲ.

"ಏನನ್ನಿಸಿತು ಮೇಡಂ?" ಎಂದು ಅವಳು ಮೈಕು ಹಿಡಿದಳು.

"ಅವರು ಹೊತ್ತ ಭಾರ ನನ್ನ ಪಾದಕ್ಕೆ ತಾಗಿತು" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಸ್ಟೋರ್ಸ್ ಅಧಿಕಾರಿ ಕಣ್ಣೊರೆಸಿಕೊಂಡ, ದಡ್ಡ. ಸಂಜೆ ಎಲ್ಲರಿಗೂ ಒಂದೊಂದು ಪ್ರಮಾಣಪತ್ರ ಕೊಟ್ಟರು. ನನ್ನದರಲ್ಲಿ ಮಾತ್ರ 'ವಿಶೇಷ ಸಂವೇದನಾಶೀಲತೆ' ಎಂದು ಬಂಗಾರದ ಬಣ್ಣದ ಅಕ್ಷರ. ನಗುತ್ತ ನಗುತ್ತ ಅದನ್ನು ಮನೆಗೆ ತಂದು ಫ್ರಿಜ್ಜಿನ ಮೇಲೆ ಇಟ್ಟೆ. ಹರಿದು ಬಿಸಾಡಲಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ನನ್ನ ಕೆಲಸವೇ ತಪ್ಪು ಹುಡುಕುವುದು. ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಮುದ್ರೆ ಒತ್ತಿ ಪಕ್ಕಕ್ಕೆ ತಳ್ಳುವುದು. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದವಳಿಗೆ ಮನುಷ್ಯರನ್ನು ನೋಡಿದರೂ ಕೈ ಆ ಮುದ್ರೆಯನ್ನೇ ಹುಡುಕುತ್ತದೆ. ಲಿಂಗಂಪಲ್ಲಿ ಸ್ಟೇಷನ್ನಿನ ಹತ್ತಿರ ನಾಲ್ಕನೇ ಮಹಡಿಯಲ್ಲಿ ಒಬ್ಬಳೇ ಇರುತ್ತೇನೆ. ಜೊತೆಗಿರಲು ಅರ್ಹರಾದವರು ಸಿಗಲಿಲ್ಲ ಎಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿರಬಹುದು.

ನನ್ನ ಊರು ಕಲಬುರಗಿ. ಅದನ್ನು ಇಲ್ಲಿ ಯಾರಿಗೂ ಹೇಳುವುದಿಲ್ಲ. ಮೊದಮೊದಲು ಹೇಳುತ್ತಿದ್ದೆ. ಈ ತೆಲುಗು ಊರಿನಲ್ಲಿ ಎಲ್ಲಿ ಕಟ್ಟಡ ಏಳುತ್ತಿದ್ದರೂ ಅಲ್ಲಿ ನಮ್ಮ ಕಡೆಯ ಜನ ಇರುತ್ತಾರೆ: ಯಾದಗಿರಿಯವರು, ರಾಯಚೂರಿನವರು, ಸೇಡಂ ಕಡೆಯವರು. ಬಾಯಿ ತಪ್ಪಿ ಒಂದು ಕನ್ನಡ ಮಾತು ಬಂದರೆ ಸಾಕು, "ಯವ್ವಾ, ನಮ್ಮೂರವರು ಸಿಕ್ರು!" ಎಂದು ಮುಖ ಅರಳಿಸಿಕೊಂಡು ನಿಂತುಬಿಡುತ್ತಾರೆ. ಮರುದಿನ ಬಾಗಿಲ ಮುಂದೆ ಹಾಜರು. ತಮ್ಮನಿಗೆ ಕಾರ್ಖಾನೆಯಲ್ಲಿ ಏನಾದರೂ ನೋಡ್ರಿ, ಮಗಳ ಶಾಲೆಗೆ ಒಂದು ಮಾತು ಹೇಳ್ರಿ, ಈ ಕಾಗದ ಸ್ವಲ್ಪ ಓದಿ ಹೇಳ್ರಿ. ಒಬ್ಬ ವಾಚ್‌ಮನ್ನನ ಸಂಸಾರ ಎರಡು ವರ್ಷ ನನ್ನ ತಲೆ ತಿಂದ ಮೇಲೆ ನಾನು ಬುದ್ಧಿ ಕಲಿತೆ. ತರಕಾರಿಯವನೊಂದಿಗೆ ತೆಲುಗು, ಕೂಲಿಯವರೊಂದಿಗೆ ಹಿಂದಿ. ಯಾರಾದರೂ ಕೇಳಿದರೆ, "ಕನ್ನಡ್ ನಹೀ ಆತಾ." ಹೆತ್ತ ತಾಯಿಯ ಮಾತು ನನಗೆ ಬರುವುದಿಲ್ಲ ಎಂದು ಹೇಳುವಾಗ ನನ್ನ ನಾಲಿಗೆ ಒಂದು ಸಲವೂ ತೊದಲಲಿಲ್ಲ.

ತಾಯಿಯ ಮಾತು ಬಂತು, ಹೇಳಲೇಬೇಕು. ನಮ್ಮವ್ವ ಮಾವನ ಎದುರು ನಿಂತು ಮಾತಾಡಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಆಗಿನ ಸೊಸೆಯಂದಿರಿಗೆ ಅದು ಸಲ್ಲದು. ಅಜ್ಜ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವ್ವ ಬಾಗಿಲ ಹಿಂದೆ ಸೆರಗು ಹೊದ್ದು ನಿಂತು ಬಾಗಿಲಿಗೆ ಹೇಳುತ್ತಿದ್ದಳು: "ಬಾಗಲಾ, ಕೂಸಿನ ಮೈ ಕಾದೈತಿ. ಡಾಕ್ಟರ ಕಡೆ ಒಯ್ಯೂದು ಚಲೋ ಅನಸ್ತೈತಿ." ಅಜ್ಜ ಕೇಳಿಸಿಕೊಂಡ ಹಾಗೆ ತೋರಿಸುತ್ತಿರಲಿಲ್ಲ. ಒಂದು ಸಲ ಕೆಮ್ಮುತ್ತಿದ್ದ. ಆಮೇಲೆ ತಾನೇ ನೆನಪು ಮಾಡಿಕೊಂಡವನ ಹಾಗೆ ಎದ್ದು, ರುಮಾಲು ಸುತ್ತಿಕೊಂಡು, "ಏ, ಕೂಸಿನ್ನ ಕೊಡ್ರಿ ಇಲ್ಲೆ" ಎನ್ನುತ್ತಿದ್ದ. ಕೇಳಿದೆನೆಂದು ಅವಳು ಒಪ್ಪಿಕೊಳ್ಳಬೇಕಿಲ್ಲ, ಕೇಳಿಸಿತೆಂದು ಅವನು ಒಪ್ಪಿಕೊಳ್ಳಬೇಕಿಲ್ಲ. ಕೂಸಿಗೆ ಔಷಧ ಸಿಗುತ್ತಿತ್ತು.

ಆ ನಾಟಕ ನೋಡಿ ನನಗೆ ಮೈ ಉರಿಯುತ್ತಿತ್ತು. ಅವ್ವ ಅಂಜುಬುರುಕಿ, ಅಜ್ಜ ಸರ್ವಾಧಿಕಾರಿ ಎಂದು ಹತ್ತನೇ ವಯಸ್ಸಿಗೇ ತೀರ್ಮಾನ ಮಾಡಿ ಇಬ್ಬರಿಗೂ ಕೆಂಪು ಮುದ್ರೆ ಒತ್ತಿಬಿಟ್ಟೆ. ನಾನಂತೂ ಬಾಗಿಲಿಗೆ ಮಾತಾಡುವವಳಲ್ಲ, ಏನಿದ್ದರೂ ಮುಖಕ್ಕೆ ಹೇಳುವವಳು ಎಂದು ಜಂಭ ಪಟ್ಟುಕೊಂಡು ಬೆಳೆದೆ.

ಆ ತರಬೇತಿಯ ಮರುವಾರ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಲು ರಜೆ ಹಾಕಿದೆ. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಕತೆ ಹೇಳಬೇಕು. ಹಿಂದೊಮ್ಮೆ ನಾನು ಇಲ್ಲಿನ ಸಂಘದ ಕಾರ್ಯದರ್ಶಿಯಾಗಿದ್ದಾಗ ಯಾರದೋ ಮನೆಯ ಕಲ್ಲು ಸಾಗಿಸುವಾಗ ಲಿಫ್ಟಿನ ಉಕ್ಕಿನ ಗೋಡೆಗೆ ಗೀರು ಬಿತ್ತು. ಗೇಣುದ್ದದ ಗೀರು. ಅದನ್ನು ನೋಡಿ ನನಗೆ ಮೂರು ದಿನ ಊಟ ಸೇರಲಿಲ್ಲ. ಕಟ್ಟಡದ ಸಾಮಾನು ಲಿಫ್ಟಿನಲ್ಲಿ ತರಕೂಡದು, ಮೆಟ್ಟಿಲ ಮೇಲೆಯೇ ಹೊರಬೇಕು ಎಂದು ನಿಯಮ ಬರೆದವಳು ನಾನೇ. ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿ ಲಿಫ್ಟಿನ ಪಕ್ಕ ಅಂಟಿಸಿದ್ದೂ ನಾನೇ. ಹೊರುವವರೆಲ್ಲ ಕನ್ನಡದವರು ಎಂಬುದು ಗೊತ್ತಿದ್ದವಳೂ ನಾನೊಬ್ಬಳೇ.

ಈಗಿನ ಅಧ್ಯಕ್ಷರು ಎರಡನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಚಿಲ್ಲರೆ ಮನುಷ್ಯ. ನನ್ನ ನಿಯಮ ನಾನೇ ಮುರಿಯಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವರು. ನನ್ನ ಮನೆಗೆ ಟೈಲ್ಸ್ ಬರುತ್ತದೆಂದು ತಿಳಿದ ದಿನದಿಂದ ಮೆಟ್ಟಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದಲು ಶುರುಮಾಡಿದರು. ಒಂದೇ ಪುಟವನ್ನು ಗಂಟೆಗಟ್ಟಲೆ ಓದುತ್ತಿದ್ದರು, ಪಾಪ. ಈ ಮನುಷ್ಯನ ಮುಂದೆ ನಾನು ಸೋಲುವುದುಂಟೇ? ಸಾಧ್ಯವೇ ಇಲ್ಲ ಎಂದುಕೊಂಡೆ.

ಮೇಸ್ತ್ರಿ ತೆಲುಗಿನವನು. ಅವನ ಜೊತೆ ಸಾಮಾನು ಹೊರಲು ಇಬ್ಬರು ಹೆಂಗಸರು ಬಂದರು. ಒಬ್ಬಳಿಗೆ ಐವತ್ತರ ಹತ್ತಿರ, ಒಣಗಿದ ಮೈ, ಚುರುಕು ಕಣ್ಣು. ಇನ್ನೊಬ್ಬಳಿಗೆ ಇಪ್ಪತ್ತೆರಡು ಇದ್ದೀತು. ಹಿರಿಯಳನ್ನು 'ಚಿಗವ್ವ' ಎಂದು ಕರೆಯುತ್ತಿದ್ದಳು, ಎಂದರೆ ತಾಯಿಯ ತಂಗಿ. ಒಳಗೆ ಕಾಲಿಡುತ್ತಲೇ ಹಿರಿಯಳು ದೇವರ ಮೂಲೆಯಲ್ಲಿದ್ದ ವಿಭೂತಿ ಗಟ್ಟಿ ನೋಡಿ, ನನ್ನ ಮುಖ ನೋಡಿ, "ಅವ್ವಾರ, ನೀವು ನಮ್ಮ ಕಡ್ಯಾವ್ರೇನ್ರಿ?" ಎಂದಳು. ಮಾತು ಕಿವಿಗೆ ಬಿದ್ದದ್ದೇ ಯಾದಗಿರಿಯ ಕಡೆಯವಳೆಂದು ನನಗೆ ಗೊತ್ತಾಯಿತು. "ಕನ್ನಡ್ ನಹೀ ಆತಾ" ಎಂದೆ, ಗೋಡೆ ಕಡೆ ನೋಡುತ್ತ.

"ಹಾಂ ಜಿ" ಎಂದು ಅವಳು ತಲೆಯ ಮೇಲೆ ಸಿಂಬೆ ಇಟ್ಟುಕೊಂಡಳು. ಹಳೆ ಸೀರೆಯನ್ನು ಸುತ್ತಿ ಮಾಡಿದ ಬಳೆಯಂಥ ಬಟ್ಟೆ, ಹೊರೆ ಕೂರಲು. ಇಬ್ಬರೂ ಕೆಳಗಿಳಿದರು.

ಟೈಲ್ಸಿನ ಪೆಟ್ಟಿಗೆಗಳು ನಾಲ್ಕು ಮಹಡಿ ಹತ್ತಿ ಬಂದವು. ಹೊತ್ತವರು ಬಾಗಿಲಲ್ಲಿ ನಿಂತು ಉಸಿರು ಬಿಡುತ್ತಿದ್ದರೆ ನಾನು ಪ್ರತಿ ಪೆಟ್ಟಿಗೆ ಮುಟ್ಟಿ, ಮೂಲೆ ಒಡೆದಿದೆಯೋ ನೋಡಿ, ತುಟಿಯೊಳಗೇ ಎಣಿಸಿಕೊಂಡೆ. ಹದಿನೆಂಟು ಸರಿಯಾಗಿತ್ತು. ತಪ್ಪು ಸಿಗಲಿಲ್ಲವಲ್ಲ ಎಂದು ಒಂಚೂರು ಬೇಜಾರೂ ಆಯಿತು.

ಮರುದಿನದಿಂದ ಅವರ ಮಾತು ನನಗೊಂದು ಮೋಜಾಯಿತು. ನನಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಇಬ್ಬರೂ ನನ್ನ ಎದುರೇ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು, ಸೊಪ್ಪು ಬಿಡಿಸುವ ನೆಪದಲ್ಲಿ ಅಲ್ಲೇ ಕೂತು ಮೈಯೆಲ್ಲ ಕಿವಿಯಾದೆ. ಬೈಗುಳ ಕೇಳಿಸುತ್ತದೆ ಎಂದು ಕಾದಿದ್ದೆ. ಬೈದರೆ ಇವರನ್ನು ಇನ್ನಷ್ಟು ಸಲೀಸಾಗಿ ತಿರಸ್ಕರಿಸಬಹುದಲ್ಲ. ಆದರೆ ಹಿರಿಯಳು ಹೇಳಿದ್ದು ಬೇರೆ.

"ಈ ಅವ್ವಾರು ಭಾಳ ಕಟ್ಟುನಿಟ್ಟು. ಆದ್ರ ಮನಸು ಕೆಟ್ಟದಲ್ಲ ಬಿಡು. ನಿನ್ನೆ ನೀರು ಕೇಳಿದ್ರ ಸ್ಟೀಲಿನ ಲೋಟದಾಗ ಕೊಟ್ರು. ಬ್ಯಾರೆ ಕಡೆ ಪ್ಲಾಸ್ಟಿಕ್ ಬಾಟ್ಲಿ ತೋರಸ್ತಾರ."

ಅಯ್ಯೋ, ನಾನು ಉಬ್ಬಿದ್ದೇನು! ನನ್ನೆದುರು ನಟಿಸದೆ, ಬೆನ್ನ ಹಿಂದೆ ಆಡುವ ಹಾಗೆ ಆಡಿದ ಮೆಚ್ಚುಗೆ ಇದು. ಆ ಕೊಂಡಾಪುರದವಳ ಬಂಗಾರದಕ್ಷರಕ್ಕಿಂತ ಇದು ಗಟ್ಟಿ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಬೇರೆಯವರ ಕಣ್ಣಿನಲ್ಲಿ ನಾನು ಹೇಗೆ ಕಾಣುತ್ತೇನೆಂದು ನೋಡಲು ಇಷ್ಟು ಒಳ್ಳೆಯ ಕಿಂಡಿ ಯಾರಿಗೆ ಸಿಗುತ್ತದೆ ಎಂದು ಹಿಗ್ಗಿದೆ.

ಅದೇ ದಿನ ಮಧ್ಯಾಹ್ನ ಇಬ್ಬರೂ ರೊಟ್ಟಿಗಂಟು ಬಿಚ್ಚಿ ಅಡುಗೆಮನೆಯ ಕಿಟಕಿಯ ಕೆಳಗೆ ಕೂತರು. ಮೇಸ್ತ್ರಿ ಊಟಕ್ಕೆಂದು ಹೊರಗೆ ಹೋಗಿದ್ದ. ನಾನು ಎರಡು ಮಾರು ದೂರದಲ್ಲಿ ಡಬ್ಬಿ ಒರೆಸುತ್ತಿದ್ದೆ. ಕಿರಿಯಳು ರೊಟ್ಟಿ ಮುರಿಯಲಿಲ್ಲ. ಹಿರಿಯಳು ಕಿಟಕಿಯ ಕಡೆ ಮುಖ ಮಾಡಿ, ಸ್ವಲ್ಪ ದನಿ ಏರಿಸಿಯೇ ಕೇಳಿದಳು: "ಮುಂಜಾನಿಂದ ರಕ್ತ ಕಾಣಾಕತ್ತೈತಿ ಅಂದಿ. ಇನ್ನೂ ಐತೇನು?"

"ಸ್ವಲ್ಪ ಐತಿ ಚಿಗವ್ವ. ಮೆಟ್ಲ ಹತ್ತಿದಾಗ ಕಿಬ್ಬೊಟ್ಟಿ ಹಿಡ್ದಂಗ ಆಕ್ಕೈತಿ."

"ಮೂರು ತಿಂಗಳು ತುಂಬ್ಯಾವ. ಹಿಂದ ಎರಡು ಸಲ ಹಿಂಗ ಹೋತು. ಇದಾದ್ರೂ ನಿಲ್ಲಬೇಕವ್ವ." ಕಿಟಕಿಗೆ ಹೇಳಿದ ಹಾಗೆಯೇ ಅವಳು ಮುಂದುವರಿಸಿದಳು. "ಮೇಸ್ತ್ರಿಗೆ ಹೇಳಿದ್ರ ನಾಳಿಂದ ಬರಬ್ಯಾಡ ಅಂತಾನ. ಉಸುಕಿನ ಪುಟ್ಟಿ ಲಿಫ್ಟಿನಾಗ ಬಿಟ್ಟಿದ್ರ ಎಷ್ಟು ಬೇಸಿ ಇತ್ತು. ಈ ಅವ್ವಾರಿಗೆ ಗೊತ್ತಾದ್ರ ಖರೇನ ಬಿಡ್ತಾರ. ಅವರಿಗೇನು ಗೊತ್ತು ಪಾಪ. ನಮ್ಮ ಮಾತು ತಿಳಿಯಂಗಿಲ್ಲಲ್ಲ."

ನನ್ನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. ಒಂದು ಮಾತು ಸಾಕಿತ್ತು. 'ಲಿಫ್ಟಿನಲ್ಲಿ ತನ್ನಿ' ಎಂದು ಯಾವ ಭಾಷೆಯಲ್ಲಾದರೂ ಹೇಳಬಹುದಿತ್ತು. ಕನ್ನಡ ಬರುತ್ತದೆಂದು ತೋರಿಸಿಕೊಳ್ಳುವುದೂ ಬೇಕಿರಲಿಲ್ಲ. ಹಿಂದಿಯಲ್ಲಿ, ನನಗೆ ತಾನಾಗಿಯೇ ನೆನಪಾದ ಹಾಗೆ, ಕೆಮ್ಮಿ, 'ಇನ್ನುಳಿದ ಮರಳು ಲಿಫ್ಟಿನಲ್ಲಿ ಬರಲಿ' ಎಂದಿದ್ದರೆ ಮುಗಿಯುತ್ತಿತ್ತು.

ಹೇಳಲಿಲ್ಲ. ಬಾಗಿಲು ತೆರೆದು ಮೆಟ್ಟಿಲ ಸಂದಿಯಿಂದ ಕೆಳಗೆ ಇಣುಕಿದೆ. ಆ ಪ್ಲಾಸ್ಟಿಕ್ ಕುರ್ಚಿ ಕಂಡಿತು, ಅದರ ಮೇಲೆ ಆ ಬೋಳುತಲೆ ಕಂಡಿತು. 'ಏನು ಮೇಡಂ, ನಿಮ್ಮ ರೂಲು ನಿಮಗೇ ಇಲ್ಲವಾ?' ಎಂದು ಆ ಮನುಷ್ಯ ಹಲ್ಲು ಕಿರಿಯುವುದು ಕಣ್ಣಿಗೆ ಕಟ್ಟಿತು. ಇನ್ನು ಎರಡು ದಿನದ ಕೆಲಸ ತಾನೇ ಎಂದುಕೊಂಡೆ. ಇವರಿಗೆ ಇದೆಲ್ಲ ರೂಢಿ, ಹೊಲದಲ್ಲಿ ಹೆತ್ತು ಮನೆಗೆ ನಡೆದು ಬರುವ ಜನ ಎಂದುಕೊಂಡೆ. ಹೌದು, ಈ ಮಾತನ್ನೇ ಅಂದುಕೊಂಡೆ. ಕಲಬುರಗಿಯ ಗಲ್ಲಿಯಲ್ಲಿ ಹುಟ್ಟಿ, ಹೊಲ ಕಾಣದವಳು, ಹೆರಿಗೆ ಕಾಣದವಳು!

ಒಳಗೆ ಬಂದು ಚಹಾ ಮಾಡಿದೆ. ಕಿರಿಯಳ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ, ಮೇಲೆ ನಾಲ್ಕು ಬಿಸ್ಕತ್ತು ಇಟ್ಟೆ. ಅವಳು ಎರಡೂ ಕೈಯಲ್ಲಿ ಇಸಿದುಕೊಂಡು ನನ್ನನ್ನೇ ನೋಡಿದಳು, ಇನ್ನೇನೋ ಬರುತ್ತದೆ ಎಂದು ಕಾಯುವವರ ಹಾಗೆ. "ಪಿಯೋ, ಪಿಯೋ" ಎಂದೆ. ಆ ರಾತ್ರಿ ಮಲಗುವಾಗ ನಾನು ಒಳ್ಳೆಯವಳೆಂದು ನನಗೇ ಅನ್ನಿಸಿತು. ನಾಲ್ಕು ಬಿಸ್ಕತ್ತಿಗೆ ಇಷ್ಟು ಒಳ್ಳೆಯತನ ಬೇರೆಲ್ಲೂ ಸಿಗಲಿಕ್ಕಿಲ್ಲ.

ಮೂರನೇ ದಿನ ಬೆಳಿಗ್ಗೆ ಮತ್ತೆ ಮರಳು ಬಂತು. ನಾನು ಮೇಸ್ತ್ರಿ ಕೂರಿಸಿದ ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಹುಡುಕುತ್ತಿದ್ದೆ. ಎರಡು ಕಡೆ ಸಿಕ್ಕಿತು, ಖುಷಿಯಾಗಿ ಅವನಿಗೆ ತೆಲುಗಿನಲ್ಲಿ ಚೆನ್ನಾಗಿ ಝಾಡಿಸುತ್ತಿದ್ದೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ಕಬ್ಬಿಣದ ಪುಟ್ಟಿ ಉರುಳಿದ ಸದ್ದು. ಒಂದೊಂದೇ ಮೆಟ್ಟಿಲು ಬಡಿದುಕೊಂಡು ಕೆಳಗೆ ಕೆಳಗೆ ಹೋಯಿತು.

ಓಡಿದೆ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಕಿರಿಯಳು ಗೋಡೆಗೆ ಒರಗಿ ಕೂತಿದ್ದಳು. ಸುತ್ತ ಮರಳು. ಎರಡೂ ಕೈ ಹೊಟ್ಟೆಯ ಮೇಲೆ, ತುಟಿ ಬಿಳಿಚಿತ್ತು. ಸೀರೆಯ ಅಂಚಿನಿಂದ ಮೆಟ್ಟಿಲಿಗೆ ರಕ್ತ ಇಳಿಯುತ್ತಿತ್ತು. ಕೆಳಗೆ ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಂತು, "ಇಷ್ಟೊಂದು ಮರಳು ಯಾರು ಗುಡಿಸುತ್ತಾರೆ ಮೇಡಂ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ಕಂಡದ್ದು ಮರಳು.

"ಏಳಬ್ಯಾಡವ್ವಾ, ಏಳಬ್ಯಾಡ! ಹಂಗ ಕೂಡು! ಅಂಜಬ್ಯಾಡ, ನಾ ಅದೀನಿ!" ಎಂದು ಕೂಗಿದೆ.

ಇಪ್ಪತ್ತು ವರ್ಷ ಮುಚ್ಚಿಟ್ಟ ಭಾಷೆ ಗಂಟಲು ಹರಿದುಕೊಂಡು ಬಂತು. ನನ್ನ ದನಿಗೆ ನಾನೇ ಬೆಚ್ಚಿದೆ. ಆದರೆ ಹಿರಿಯಳು ಬೆಚ್ಚಲಿಲ್ಲ. ತಿರುಗಿ ಕೂಡ ನೋಡಲಿಲ್ಲ. "ಆ ಕಡೆ ತೋಳು ಹಿಡೀರಿ ಅವ್ವಾರ" ಎಂದಳು, ವರ್ಷಗಟ್ಟಲೆ ನನ್ನ ಜೊತೆ ಕನ್ನಡದಲ್ಲೇ ಮಾತಾಡಿದವಳ ಹಾಗೆ. ಹಿಡಿದೆ. ಲಿಫ್ಟಿನಲ್ಲಿ ಇಳಿಸಿದೆವು. ಆ ಹಾಳು ಗೋಡೆಗೆ ಅವಳು ತಲೆ ಆನಿಸಿಕೊಂಡಳು. ಗೇಣುದ್ದದ ಆ ಗೀರು ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದೆ. ಹಿರಿಯಳು ನೆಲದ ಮೇಲೆ ಕೂತಿದ್ದಳು. ಪಕ್ಕಕ್ಕೆ ಬಾ ಎಂದರೆ ಬರಲಿಲ್ಲ. ಹೊತ್ತು ಇಳಿಯುವಾಗ ನರ್ಸು ಬಂದು ತೆಲುಗಿನಲ್ಲಿ ಹೇಳಿದಳು: ತಾಯಿಗೆ ಅಪಾಯವಿಲ್ಲ, ಮಗು ನಿಲ್ಲಲಿಲ್ಲ. ಅದನ್ನು ಹಿರಿಯಳಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಜನಕ್ಕೆ ನಾನು ಮಾಡಿಕೊಟ್ಟ ಒಂದೇ ಒಂದು ಭಾಷೆಯ ಉಪಕಾರ ಅದು.

ಮರುದಿನ ಮೇಸ್ತ್ರಿ ಬೇರೆ ಇಬ್ಬರನ್ನು ಕರೆತಂದ. ಬಾಗಿಲಲ್ಲಿ ನಿಂತು ಕೈ ಹೊಸೆಯುತ್ತ, "ನಾಕು ಚೆಪ್ಪಲೇದು ಮೇಡಂ" ಎಂದ. ನನಗೆ ಹೇಳಲಿಲ್ಲ, ಹೇಳಿದ್ದರೆ ಹೊರೆ ಹೊರಿಸುತ್ತಿರಲಿಲ್ಲ, ನನಗೂ ಹೆಣ್ಣುಮಕ್ಕಳಿದ್ದಾರೆ ಎಂದ. ಅವನ ಕಣ್ಣು ಕೆಂಪಾಗಿತ್ತು. ಟೊಳ್ಳು ಟೈಲ್ಸ್ ಕೂರಿಸುವವನೆಂದು ನಾನು ಬೈದ ಮನುಷ್ಯ ನಿಜ ಹೇಳುತ್ತಿದ್ದ.

"ನಾಕೂ ಚೆಪ್ಪಲೇದು" ಎಂದೆ ನಾನು. ನನಗೂ ಹೇಳಲಿಲ್ಲ ಎಂದು. ಮುಖಕ್ಕೆ ಹೇಳುವವಳಲ್ಲವೇ ನಾನು, ಸುಳ್ಳನ್ನೂ ಮುಖಕ್ಕೇ ಹೇಳಿದೆ.

ಎಂಟು ದಿನದ ಮೇಲೆ ಹಿರಿಯಳು ಬಂದಳು, ಪುಟ್ಟಿಯನ್ನೂ ಸಿಂಬೆಯನ್ನೂ ಒಯ್ಯಲು. ಅಡುಗೆಮನೆ ಥಳಥಳ ಹೊಳೆಯುತ್ತಿತ್ತು. ಅವಳು ಹೊಸ್ತಿಲಾಚೆಯೇ ನಿಂತಳು. ನಾನು ಈ ಸಲ ಕನ್ನಡದಲ್ಲೇ ಕೇಳಿದೆ, "ಹೆಂಗದಾಳ ಆಕಿ?"

"ಅದಾಳ್ರಿ. ಊರಿಗೆ ಕಳಿಸೀವಿ. ಮಾತಾಡಂಗಿಲ್ಲ ಯಾರ ಕೂಡ."

ಒಳಗೆ ಬಾ ಎಂದೆ, ಬರಲಿಲ್ಲ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ನನಗೆ ತಡೆಯಲಾಗಲಿಲ್ಲ. "ನನಗ ಕನ್ನಡ ಬರ್ತೈತಿ ಅಂತ ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ಮೊದಲನೇ ದಿನಾನ್ರಿ. ಪೆಟಗಿ ಎಣಸೂಮುಂದ ಲಾಭ, ಎರಡು, ಮೂರು ಅಂತ ಎಣಿಸಿದ್ರಿ. ಮೆಲ್ಲಕ ಅಂದ್ರಿ, ಆದ್ರ ನಾನು ಬಾಗಲ್ದಾಗ ಇದ್ನೆಲ್ಲ."

ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮವ್ವ ಹಾಗೆ ಅಳೆಯುತ್ತಿದ್ದಳು. ನನ್ನ ತುಟಿ ಅದನ್ನು ಬಿಟ್ಟಿರಲಿಲ್ಲ. ಏನನ್ನು ಎಣಿಸಿದರೂ ಹಾಗೆಯೇ ಶುರುಮಾಡುತ್ತೇನೆಂಬುದು ನನಗೇ ಗೊತ್ತಿರಲಿಲ್ಲ.

ಅಂದರೆ ಆ ಮೆಚ್ಚುಗೆ, ಆ ಸ್ಟೀಲಿನ ಲೋಟ, ಆ ರೊಟ್ಟಿಗಂಟಿನ ಮುಂದಿನ ಮಾತು, ಎಲ್ಲವೂ ನನಗೆ ಕೇಳಲೆಂದೇ ಆಡಿದ್ದು. ಕಿಂಡಿಯಿಂದ ನಾನು ಅವರನ್ನು ನೋಡುತ್ತಿದ್ದೇನೆ ಎಂದು ಹಿಗ್ಗುತ್ತಿದ್ದಾಗ ಅವರು ನನ್ನನ್ನು ನೋಡುತ್ತಿದ್ದರು: ಇವಳು ಕೆಮ್ಮುತ್ತಾಳಾ, ಏಳುತ್ತಾಳಾ ಎಂದು.

"ಮತ್ತ ನನಗ ನೇರ ಕೇಳಬಾರದಾಗಿತ್ತಾ?" ಎಂದೆ. ದನಿ ಜೋರಾಗಿಯೇ ಬಂತು. ಇಷ್ಟಾದ ಮೇಲೂ ತಪ್ಪು ಅವಳ ಮೇಲೆ ಬೀಳಲಿ ಎಂಬ ಆಸೆ ನನಗೆ!

"ಹೆಂಗ ಕೇಳೋದ್ರಿ?" ಎಂದಳು ಅವಳು. "ಕನ್ನಡ ಬರಂಗಿಲ್ಲ ಅಂತ ನೀವಽ ಹೇಳಿದ್ರಿ. ನಾವು ಕೇಳಿದ್ರ ನೀವು ಸುಳ್ಳು ಹೇಳೀರಿ ಅಂದಂಗ ಆಗ್ತಿತ್ತು. ದೊಡ್ಡವರನ್ನ ನಾಚಿಕಿಗೆ ಹಾಕಬಾರ್ದು ಅಂತ ಕಿಡಕಿಗೆ ಹೇಳಿದ್ವಿ." ಸ್ವಲ್ಪ ತಡೆದು, ಸಿಂಬೆ ಕೊಡವುತ್ತ, "ಚಹಾ ಕೊಟ್ರಿ ನೀವು. ಕೇಳ್ಯಾರ, ಈಗ ಹೇಳ್ತಾರ ಅಂತ ಆಕಿ ಸಂಜೀತನ ಕಾದ್ಲು" ಎಂದಳು.

ನನ್ನ ಮಾನ ಉಳಿಸಲು ನೋಡಿದ್ದರು. ನಾಲ್ಕು ಮಹಡಿ ಮರಳು ಹೊರುತ್ತ, ಒಡಲು ಕರಗುತ್ತಿದ್ದಾಗಲೂ, ನನ್ನ ಸುಳ್ಳಿಗೆ ಗೀರು ಬೀಳದ ಹಾಗೆ ನೋಡಿಕೊಂಡಿದ್ದರು. ಸರ್ವಾಧಿಕಾರಿಯೆಂದು ನಾನು ಮುದ್ರೆ ಒತ್ತಿದ ಆ ಅಜ್ಜ ಬಾಗಿಲಿಗೆ ಹೇಳಿದ ಮಾತನ್ನು ಒಂದು ಸಲವೂ ಕಡೆಗಣಿಸಲಿಲ್ಲ. ಪ್ರತಿ ಸಲ ಎದ್ದ, ಪ್ರತಿ ಸಲ ರುಮಾಲು ಸುತ್ತಿದ. ಅವ್ವ ಅಂಜುಬುರುಕಿಯಲ್ಲ. ಕೊಡುವವನ ಮುಖವೂ ಉಳಿಯಲಿ, ಕೇಳುವವಳ ಮುಖವೂ ಉಳಿಯಲಿ, ಕೂಸೂ ಉಳಿಯಲಿ ಎಂದು ದಾರಿ ಕಂಡುಕೊಂಡಿದ್ದವಳು. ಐವತ್ನಾಲ್ಕು ವರ್ಷಕ್ಕೆ ನನಗೆ ಇದು ತಿಳಿಯಿತು. ತಿಳಿಯಲು ಯಾರದೋ ಮಗು ಹೋಗಬೇಕಾಯಿತು. ಇಂಥ ತಿಳಿವಳಿಕೆಗೆ ಬೆಂಕಿ ಹಾಕ.

ಅವಳು ಪುಟ್ಟಿ ತಲೆಯ ಮೇಲೆ ಇಟ್ಟುಕೊಂಡಳು. "ಲಿಫ್ಟಿನಾಗ ಹೋಗು" ಎಂದೆ.

"ಬ್ಯಾಡ್ರಿ. ನಿಮಗ ರೂಲು ಐತೆಲ್ಲ, ಕೆಳಗ ಅವರು ಕುಂತಾರ. ನಿಮಗ ಅಂತಾರ" ಎಂದಳು. ವ್ಯಂಗ್ಯವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಈಗಲೂ ನನ್ನ ಮಾನವನ್ನೇ ನೋಡುತ್ತಿದ್ದಳು.

ಮೆಟ್ಟಿಲಿಳಿದು ಹೋದಳು. ಹೇಳಬೇಕಾದ ಮಾತೊಂದಿತ್ತು. ಎರಡೇ ಶಬ್ದ. ಎದುರಿಗೆ ನಿಂತಾಗ ಬರಲಿಲ್ಲ, ಬೆನ್ನು ತಿರುಗಿದಾಗ ಬರಲಿಲ್ಲ, ಕೂಗಿ ಕರೆಯಲೂ ಆಗಲಿಲ್ಲ. ಬಾಗಿಲು ಹಾಕಿಕೊಂಡೆ. ಚಿಲಕ ಹಾಕಿ, ಅವಳ ಹೆಜ್ಜೆಯ ಸದ್ದು ಮೂರನೇ ಮಹಡಿ ದಾಟಿ, ಎರಡನೆಯದನ್ನೂ ದಾಟಿ, ಇನ್ನು ಖಂಡಿತ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಬಾಗಿಲಿಗೆ ಹಣೆ ಹಚ್ಚಿ, "ತಪ್ಪಾತು, ಯವ್ವಾ" ಎಂದೆ.

ಆಚೆ ಕಡೆ ಯಾರೂ ಕೆಮ್ಮಲಿಲ್ಲ.